ಬಿಳಿ ಬಟ್ಟೆಗೆ ಇಳಿಯದ ಉಣ್ಣಿಗಳು

ನಂಬುವುದಾದರೆ ನಂಬಿ, ಇಲ್ಲದಿದ್ದರೆ ಪುಟ ತಿರುಗಿಸಿ. ದೆವ್ವದ ಕಥೆ ಕಟ್ಟಿ ಹೆಸರು ಮಾಡುವ ಪುರುಸೊತ್ತು ನನಗಿಲ್ಲ. ಕೆಂಗೇರಿ ಆಚೆ, ಗಾಯಗೊಂಡ ಕಾಡುಪ್ರಾಣಿಗಳನ್ನು ತಂದಿಡುವ ಒಂದು ಶೆಡ್ಡಿನಲ್ಲಿ ನಾನು ಗುತ್ತಿಗೆ ಕೆಲಸದವಳು. ಇದನ್ನು ಕಣ್ಣಾರೆ ಕಂಡೆ. ನನ್ನ ಜೊತೆ ಇನ್ನೊಬ್ಬರೂ ಕಂಡರು, ಅವರು ಈಗ ಬಾಯಿ ಬಿಡುವುದಿಲ್ಲ.

ನನ್ನ ಕೆಲಸ ಕೇಳಿದರೆ ನಗುತ್ತೀರಿ. ಉಣ್ಣಿ ಹಿಡಿಯುವುದು. ಬೀದಿ ನಾಯಿಯ ಕಿವಿಯಲ್ಲಿ ಕಚ್ಚಿಕೊಂಡಿರುತ್ತದಲ್ಲ, ಅದೇ ರಕ್ತ ಕುಡಿಯುವ ಹುಳು. ಮಂಗ, ಮುಂಗುಸಿ, ಪುನುಗು ಬೆಕ್ಕು, ಯಾವುದು ಬಂದರೂ ಮೈಯೆಲ್ಲ ಹುಡುಕಿ, ಚಿಮಟದಿಂದ ಉಣ್ಣಿ ಕಿತ್ತು, ಸಣ್ಣ ಸೀಸೆಗೆ ಹಾಕಿ ಲ್ಯಾಬಿಗೆ ಕಳಿಸಬೇಕು. ಯಾವ ಉಣ್ಣಿಯಲ್ಲಿ ಯಾವ ಜ್ವರ ಕೂತಿದೆ ಎಂದು ಅಲ್ಲಿ ನೋಡುತ್ತಾರೆ.

ಸತ್ತ ಪ್ರಾಣಿಯಾದರೆ ಕೀಳುವ ಕಷ್ಟವೂ ಇಲ್ಲ. ಅಗಲವಾದ ಟ್ರೇಯಲ್ಲಿ ಬಿಳಿ ಬಟ್ಟೆ ಹಾಸಿ ಹೆಣ ಮಲಗಿಸಿ, ಉಣ್ಣಿ ಆಚೆ ಹರಿದು ಹೋಗದಂತೆ ಸುತ್ತ ಸೋಪಿನ ನೀರು ಇಟ್ಟರೆ ಆಯಿತು. ಮೈ ತಣ್ಣಗಾಗಿ ರಕ್ತ ನಿಂತ ಮೇಲೆ ಉಣ್ಣಿಗೆ ಅಲ್ಲಿ ಏನು ಕೆಲಸ? ತಾನಾಗಿ ಕಚ್ಚು ಬಿಟ್ಟು ಬಟ್ಟೆಗೆ ಇಳಿಯುತ್ತದೆ. ಡಾಕ್ಟರ ಸ್ಟೆತಾಸ್ಕೋಪು ತಪ್ಪಬಹುದು, ಉಣ್ಣಿ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಅವತ್ತು ಸಂಜೆ ಬಾಪೂಜಿ ನಗರದಿಂದ ಒಂದು ಹೆಣ್ಣು ಮಂಗ ಬಂತು. ಟ್ರಾನ್ಸ್‌ಫಾರ್ಮರ್ ಮೇಲೆ ಹಾರಿ ಕರೆಂಟು ಹೊಡೆದು ಬಿದ್ದದ್ದು. ನಮ್ಮ ಗಾಡಿಯ ಡ್ರೈವರ್ ಶರಣಪ್ಪ, ಬಾಗಲಕೋಟೆ ಕಡೆಯವರು, ಅದನ್ನು ತರುವಷ್ಟರಲ್ಲಿ ಸುಸ್ತಾಗಿದ್ದರು. ಬೆಳಿಗ್ಗೆ ಕಲ್ಲು ಹೊಡೆದು ಓಡಿಸಿದ ಬೀದಿಯವರೇ ಈಗ ಆಂಜನೇಯಸ್ವಾಮಿ ಎಂದು ಕೈಮುಗಿದು, ಹಣೆಗೆ ಕುಂಕುಮ ಇಟ್ಟು, ಮಲ್ಲಿಗೆ ಹಾರ ಹಾಕಿ, ಮೆರವಣಿಗೆ ಮಾಡಿ ಮಣ್ಣು ಮಾಡುತ್ತೇವೆ ಎಂದು ಗಾಡಿಗೆ ಅಡ್ಡ ನಿಂತಿದ್ದರಂತೆ. ಸತ್ತ ಮಂಗನ ಮುಂದೆ ಬಾಳೆಹಣ್ಣು, ತೆಂಗಿನಕಾಯಿ ಎಲ್ಲ ಇಟ್ಟಿದ್ದರು. ಹಾರದ ಕೆಳಗೆ, ಅದರ ಹೊಟ್ಟೆಗೆ ಅಂಟಿಕೊಂಡು ಒಂದು ಮರಿ ಇತ್ತು. ಅದಕ್ಕೆ ಒಂದು ಹನಿ ಹಾಲು ಬಿಡಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ವಿಡಿಯೋ ಮಾತ್ರ ಎಲ್ಲರೂ ತೆಗೆದಿದ್ದರು.

ನಮ್ಮ ಶೆಡ್ಡಿನ ಡಾಕ್ಟರ್ ಸಾರ್ ಇನ್ನೂ ಇದ್ದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಕಣ್ಣಿಗೆ ಟಾರ್ಚ್ ಬಿಟ್ಟರು, ಸತ್ತಿದೆ ಎಂದರು. ಬಟ್ಟೆ ಹಾಸಿ, ಬೆಳಿಗ್ಗೆಯೊಳಗೆ ಇಳಿದ ಉಣ್ಣಿಗಳನ್ನು ಸೀಸೆಗೆ ತುಂಬಿ, ಮರಿಗೆ ಹೇಗಾದರೂ ಬಾಟಲಿ ಕುಡಿಸಿ ಎಂದು ಹೇಳಿ ಮನೆಗೆ ಹೊರಟರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು: “ಇವತ್ತು ರಾತ್ರಿ ಹಾಲು ಕುಡೀಲಿಲ್ಲ ಅಂದ್ರೆ ಮರಿ ಉಳಿಯಲ್ಲ, ಮಂಜುಳಾ.”

ಮರಿಯನ್ನು ಬಿಡಿಸಲು ನೋಡಿದೆ. ತಾಯಿಯ ಕೂದಲನ್ನು ಹಿಡಿದ ಆ ಪುಟ್ಟ ಬೆರಳುಗಳು ಬಿಡಲಿಲ್ಲ, ಕೀರಲು ದನಿಯಲ್ಲಿ ಶೆಡ್ಡೇ ಹಾರಿಹೋಗುವಂತೆ ಕಿರುಚಿತು. ಬೆರಳು ಮುರಿದೀತೆಂದು ಸುಮ್ಮನಾದೆ. ಬಾಟಲಿ ತುಟಿಗೆ ತಾಗಿಸಿದರೆ ಮುಖ ಆಚೆ ತಿರುಗಿಸಿತು. ಮತ್ತೆ ತಾಗಿಸಿದೆ, ಮತ್ತೆ ತಿರುಗಿಸಿತು.

ಹೇಳಿಬಿಡುತ್ತೇನೆ, ನನ್ನ ಮಗುವಿಗೆ ಆಗ ಐದು ತಿಂಗಳು. ಸುಂಕದಕಟ್ಟೆಯ ಮನೆಯಲ್ಲಿ ಅತ್ತೆಯ ಹತ್ತಿರ ಪುಡಿಹಾಲು ಕುಡಿದು ಮಲಗುತ್ತಿತ್ತು. ಹೆರಿಗೆ ರಜೆ ಕೇಳಿದ್ದಕ್ಕೆ, ಗುತ್ತಿಗೆಯವರಿಗೆ ಅದೆಲ್ಲ ಇಲ್ಲ, ಆಗಲ್ಲ ಅಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿದ್ದರು. ಎದೆ ಕಟ್ಟಿಕೊಂಡು ನೋಯುವಾಗ ಬಾತ್‌ರೂಮಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ರಾತ್ರಿಯಾಯಿತು. ಮೈಸೂರು ರೋಡಿನ ಲಾರಿಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಶೆಡ್ಡಿನ ತುಂಬ ಫಿನಾಯಿಲ್, ಸುಟ್ಟ ಕೂದಲು, ಬಾಡಿದ ಮಲ್ಲಿಗೆಯ ವಾಸನೆ.

ಮೊದಲ ಸಲ ಟಾರ್ಚ್ ಹಿಡಿದು ಹೋಗಿ ನೋಡಿದೆ. ಬಟ್ಟೆ ಹಾಸಿದ ಹಾಗೇ ಬೆಳ್ಳಗಿತ್ತು. ಮಂಗನ ಕಿವಿಯ ಹಿಂದೆ, ಕಣ್ಣಿನ ರೆಪ್ಪೆಯ ಬಳಿ ಉಣ್ಣಿಗಳು ಇದ್ದಲ್ಲೇ ಇದ್ದವು. ಇನ್ನೂ ಹೊತ್ತಿದೆ ಎಂದುಕೊಂಡೆ.

ಎರಡನೇ ಸಲ ಹೋದಾಗ ಹೆಣದ ಕೈಕಾಲು ಸೆಟೆದುಕೊಂಡಿದ್ದವು. ಕೈ ಮುಟ್ಟಿದರೆ ತಣ್ಣಗೆ. ಬಟ್ಟೆಯ ಮೇಲೆ ಒಂದೂ ಉಣ್ಣಿ ಇಲ್ಲ...

ವಾಪಸ್ ಬಂದು ಕೂತೆ. ಆಗ ವಾಸನೆ ಬಂತು. ಬೆಚ್ಚನೆಯ ಹಾಲಿನ ವಾಸನೆ. ನನ್ನದೇ ಇರಬೇಕೆಂದು ಕುರ್ತಾ ಮುಟ್ಟಿ ನೋಡಿಕೊಂಡೆ, ಮುಂದೆಲ್ಲ ಒದ್ದೆಯಾಗಿತ್ತು. ಹೋಗಿ ತೊಳೆದುಕೊಂಡು ಬೇರೆ ಬಟ್ಟೆ ಹಾಕಿಕೊಂಡು ಬಂದೆ. ವಾಸನೆ ಹೋಗಿರಲಿಲ್ಲ. ಒಳಗಿನ ಕೋಣೆಯಿಂದ ಬರುತ್ತಿತ್ತು.

ಜೊತೆಗೆ ಸದ್ದು. ಚಪ್... ಚಪ್... ಆಮೇಲೆ ಗುಟುಕು ಇಳಿಯುವ ಸಣ್ಣ ಸದ್ದು. ಮಗುವಿಗೆ ಹಾಲೂಡಿಸಿದ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಬರೀ ಚೀಪುವ ಸದ್ದಿಗೂ ಕುಡಿಯುವ ಸದ್ದಿಗೂ ವ್ಯತ್ಯಾಸ ಇದೆ.

ಗಾಡಿಯಲ್ಲಿ ಮಲಗಿದ್ದ ಶರಣಪ್ಪನವರನ್ನು ಎಬ್ಬಿಸಿ ಕರೆದುಕೊಂಡು ಬಂದೆ. ಇಬ್ಬರೂ ಬಾಗಿಲಲ್ಲಿ ನಿಂತು ಟಾರ್ಚ್ ಬಿಟ್ಟೆವು.

ಮರಿ ತಾಯಿಯ ಮೊಲೆ ಬಾಯಲ್ಲಿಟ್ಟುಕೊಂಡಿತ್ತು. ಅದರ ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು. ತುಟಿಯ ಅಂಚಿನಿಂದ ಬೆಳ್ಳಗೆ ಒಂದು ಹನಿ ಜಾರಿ ಬಟ್ಟೆಯ ಮೇಲೆ ಬಿತ್ತು. ಮಂಗನ ಕಣ್ಣು ಹಾಗೇ ಅರ್ಧ ತೆರೆದು ತಗಡಿನ ಸೂರು ನೋಡುತ್ತಿತ್ತು. ಕಿವಿಯ ಹಿಂದಿನ ಉಣ್ಣಿಗಳು, ಸಂಜೆ ಚಪ್ಪಟೆಯಾಗಿದ್ದವು, ಈಗ ಹರಳು ಬೀಜದ ಹಾಗೆ ಉಬ್ಬಿದ್ದವು. ಅವೂ ಕುಡಿಯುತ್ತಿದ್ದವು.

ಶರಣಪ್ಪ ಪಿಸುದನಿಯಲ್ಲಿ, “ಅಕ್ಕಾ, ಲೈಟ್ ಆರಿಸ್ರಿ. ಕುಡೀಲಿ ಬಿಡ್ರಿ” ಅಂದರು.

ಆರಿಸಿದೆ. ಬೆಳಗಾಗುವ ತನಕ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಭಯ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಭಯಕ್ಕಿಂತ ಹೊಟ್ಟೆಕಿಚ್ಚು ಜಾಸ್ತಿ ಇತ್ತು. ಸತ್ತವಳು ತನ್ನ ಮಗುವಿಗೆ ಹಾಲು ಕೊಡುತ್ತಿದ್ದಳು. ಬದುಕಿದ್ದ ನಾನು ಸಿಂಕಿಗೆ ಚೆಲ್ಲಿ ಬಂದಿದ್ದೆ.

ಬೆಳಿಗ್ಗೆ ಡಾಕ್ಟರ್ ಸಾರ್ ಬಂದು ಮೊದಲು ಬಟ್ಟೆ ನೋಡಿದರು. ಒಂದೂ ಉಣ್ಣಿ ಇಳಿದಿಲ್ಲ, ರಾತ್ರಿಯೆಲ್ಲ ಏನು ಮಾಡುತ್ತಿದ್ದಿರಿ ಎಂದು ರೇಗಿದರು. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ ಸಾರ್ ಎಂದೆ. ಯಾಕೆ ಅಂತ ಕೇಳಿದರು. ಸತ್ತಿಲ್ಲ ಅನ್ನಿಸುತ್ತೆ ಎಂದೆ. ಅವರು ಮತ್ತೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸೆಟೆದ ತೋಳನ್ನು ಎತ್ತಿ ತೋರಿಸಿ, ನಿದ್ದೆಗೆಟ್ಟಿದ್ದೀರಿ ಎಂದು ನಕ್ಕರು. ಹೆಣ ಸುಡಬೇಕಿತ್ತು. ಮರಿಯನ್ನು ಸಾಕುವ ಜಾಗದಿಂದ ಗಾಡಿ ಬಂದು ನಿಂತಿತ್ತು.

“ನೀವೇ ಬಿಡಿಸಿ, ನಿಮ್ಮ ಹತ್ರ ಸುಮ್ನಿರುತ್ತೆ,” ಅಂದರು ಡಾಕ್ಟರ್ ಸಾರ್.

ಬಿಡಿಸಿದೆ. ಒಂದೊಂದೇ ಬೆರಳು. ಈ ಸಲ ಅದು ಕಿರುಚಲಿಲ್ಲ. ಹೊಟ್ಟೆ ದುಂಡಗೆ ತುಂಬಿ ನಿದ್ದೆಗಣ್ಣಲ್ಲಿತ್ತು. ಕೊನೆಯ ಬೆರಳು ಕೂದಲು ಬಿಟ್ಟಿತು, ಮರಿ ನನ್ನ ಕೈಗೆ ಬಂತು.

ಆಗ ಇಳಿದವು.

ಕಿವಿಯಿಂದ ಒಂದು, ರೆಪ್ಪೆಯಿಂದ ಒಂದು, ಆಮೇಲೆ ಕತ್ತಿನಿಂದ, ಕಂಕುಳಿಂದ, ಎಲ್ಲೆಲ್ಲಿಂದಲೋ ಎಲ್ಲವೂ ಒಟ್ಟಿಗೆ. ಬಿಳಿ ಬಟ್ಟೆಯ ಮೇಲೆ ಟಪಟಪ ಉದುರಿ ನಾಲ್ಕೂ ಕಡೆ ಹರಿದಾಡಿದವು. ರಾತ್ರಿಯೆಲ್ಲ ಕಚ್ಚಿ ಹಿಡಿದಿದ್ದ ಮೈಯನ್ನು ಆ ಕ್ಷಣದಲ್ಲಿ ಬಿಟ್ಟುಬಿಟ್ಟವು. ಶರಣಪ್ಪ ಗೋಡೆ ಕಡೆ ತಿರುಗಿ ನಿಂತರು.

“ನೋಡಿ, ಇಳೀತು ತಾನೆ?” ಅಂದರು ಡಾಕ್ಟರ್ ಸಾರ್. ಅವರಿಗೆ ಖುಷಿಯಾಗಿತ್ತು. ನಾನು ಚಿಮಟ ತೆಗೆದುಕೊಂಡು ಹೆಕ್ಕಿದೆ. ಅದು ನನ್ನ ಕೆಲಸ.

ಮನೆಗೆ ಬಂದವಳೇ ಕೈಕಾಲು ತೊಳೆದು ಮಗುವನ್ನು ಎದೆಗೆ ಹಾಕಿಕೊಂಡೆ. ಮುಖ ಆಚೆ ತಿರುಗಿಸಿತು. ಮತ್ತೆ ಹಾಕಿಕೊಂಡೆ, ಮತ್ತೆ ತಿರುಗಿಸಿತು. ಅದಕ್ಕೆ ಬಾಟ್ಲಿನೇ ಅಭ್ಯಾಸ ಆಗೋಯ್ತು ಕಣಮ್ಮ ಎಂದು ಅತ್ತೆ ಒಳಗಿನಿಂದಲೇ ಹೇಳಿದರು. ಅವರದೇನೂ ತಪ್ಪಿಲ್ಲ. ಅವರು ಹೊರಗೆ ಬರುವ ತನಕ ನಾನು ಗೋಡೆಗೆ ಒರಗಿ ಅಳುತ್ತಾ ಕೂತೆ... ಅವರು ಬಂದ ಮೇಲೆ ಕಣ್ಣು ಒರೆಸಿಕೊಂಡೆ.

ಕೆಲವು ದಿನ ಬಿಟ್ಟು ಡಾಕ್ಟರ್ ಸಾರ್ ಕರೆದು ಹೊಗಳಿದರು. ಮರಿ ಗಟ್ಟಿಯಾಗಿದೆಯಂತೆ, ಈಗ ಬಾಟಲಿಯನ್ನೂ ಕುಡಿಯುತ್ತದಂತೆ. ಅವತ್ತು ರಾತ್ರಿ ನೀವು ಹಾಲು ಕುಡಿಸಿದ್ದಕ್ಕೇ ಉಳಿಯಿತು ಎಂದರು. ನಾನು ತುಂಬಿಟ್ಟ ಬಾಟಲಿ ಮಾರನೇ ದಿನವೂ ಕಿಟಕಿಯ ಮೇಲೆ ತುಂಬಿಕೊಂಡೇ ಇತ್ತು, ಹುಳಿ ವಾಸನೆ ಬರುತ್ತಿತ್ತು. ಅದನ್ನು ತೊಳೆದವಳೂ ನಾನೇ. ಬಾಯಿ ಮುಚ್ಚಿಕೊಂಡು ಹೊಗಳಿಕೆ ತೆಗೆದುಕೊಂಡೆ.

ಈಗಲೂ ಅದೇ ಕೆಲಸದಲ್ಲಿದ್ದೇನೆ. ಯಾವುದೇ ಹೆಣ ಬಂದರೂ ಬಟ್ಟೆ ಹಾಸಿ ಪಕ್ಕದಲ್ಲೇ ಕೂರುತ್ತೇನೆ, ಮೊದಲ ಉಣ್ಣಿ ಇಳಿಯುವ ತನಕ ಏಳುವುದಿಲ್ಲ. ಶರಣಪ್ಪ ಮಾತ್ರ ಆ ಕೋಣೆಗೆ ಬರುವುದನ್ನು ಬಿಟ್ಟಿದ್ದಾರೆ. ಆ ಮಂಗ ಸಂಜೆ ಬಾಪೂಜಿ ನಗರದ ಬೀದಿಯಲ್ಲಿ ಸತ್ತಿತು ಎಂದೇ ಎಲ್ಲರೂ ಹೇಳುತ್ತಾರೆ. ಉಣ್ಣಿಗಳು ಹಾಗೆ ಹೇಳಲಿಲ್ಲ. ಅವು ಇಳಿದದ್ದು ಬೆಳಿಗ್ಗೆ, ನಾನು ಮರಿಯನ್ನು ಕಿತ್ತುಕೊಂಡ ಮೇಲೆ.