ಸತ್ತವನ ಮುಷ್ಟಿಯಲ್ಲಿ ಜೀಪಿನ ಕೀ

ಮಿತ್ರರೇ, ಇಂದು ಬಿಜೈಯ ಸಭಾಂಗಣದಲ್ಲಿ ಹಾಡುಹಗಲೇ ಸತ್ತೆ! ಹೆರಾಯಿನ್ ಅತಿಯಾಗಿ ಉಸಿರು ನಿಲ್ಲುತ್ತಿರುವವನನ್ನು ಉಳಿಸುವುದು ಹೇಗೆಂದು ಪೊಲೀಸರಿಗೆ ತರಬೇತಿ. ರೋಗಿಯ ಪಾತ್ರ ನನ್ನದು.

ಎದೆ ಹಿಡಿದು "ಅಯ್ಯೋ ವಿಧಿಯೇ!" ಎಂದು ಗರ್ಜಿಸಿದೆ. "ಈ ರೋಗಿ ಮಾತಾಡುವುದಿಲ್ಲ ಮಾರಾಯ್ರೇ, ಸುಮ್ಮನೆ ಮಲಗಿ," ಎಂದರು ತರಬೇತಿ ಕೊಡಲು ಬಂದಿದ್ದ ಡಾಕ್ಟರಮ್ಮ.

ನಮ್ಮ ಜೀವರಕ್ಷಕ ಹೆಡ್ ಕಾನ್‌ಸ್ಟೇಬಲ್ ಧಾವಿಸಿ ಬಂದರು. ಉಸಿರು ನೋಡಲಿಲ್ಲ. ಉಸಿರು ಮರಳಿಸಲು ಮೂಗಿಗೆ ಹೊಡೆಯಬೇಕಾದ ಸ್ಪ್ರೇ ಅವರ ಕಿಸೆಯಲ್ಲೇ ಉಳಿಯಿತು. ಜೀಪಿನ ಕೀಗೊಂಚಲನ್ನು ನನ್ನ ಮುಷ್ಟಿಗೆ ತುರುಕಿದರು.

"ಅದೆಂತಕ್ಕೆ ಸರ್?" ಡಾಕ್ಟರಮ್ಮ ಕೇಳಿದರು.

"ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ತದೆ ಮೇಡಂ."

"ಇವರಿಗೆ ಫಿಟ್ಸ್ ಅಲ್ಲ, ಉಸಿರೇ ಇಲ್ಲ!"

"ಹೌದಾ? ಹಾಗಾದರೆ ಆಸ್ಪತ್ರೆಗೆ! ಜೀಪ್ ತೆಗೀರಿ!"

ಎಲ್ಲರೂ ಹೊರಗೆ ಓಡಿದರು. ಅಂಗಳದಿಂದ ಕೂಗು ಬಂತು: "ಕೀ ಎಲ್ಲುಂಟು?"

ಈ ರೋಗಿ ಮಾತಾಡುವುದಿಲ್ಲವಲ್ಲ! ಮುಷ್ಟಿ ಬಿಗಿಹಿಡಿದು ಸತ್ತೇ ಇದ್ದೆ.