ಫಲಕದ ಬೀಗದ ಕೈ

ನಮ್ಮ ಹಳ್ಳಿಯ ಪಂಚಾಯಿತಿಯಾದ ಪ್ಯಾರಿಷ್ ಕೌನ್ಸಿಲಿನಲ್ಲಿ ಮೂವತ್ತು ವರ್ಷ ಸದಸ್ಯರಾಗಿದ್ದ ಆಲ್ವಿನ್, ಹೆಂಡತಿ ಎನಿಡ್‌ಗೆ ಮರೆವಿನ ಕಾಯಿಲೆ ಬಂದಮೇಲೆ ಸಭೆಗೆ ಬರುವುದನ್ನೇ ಬಿಟ್ಟರು. ಆರು ತಿಂಗಳು ತಪ್ಪಿಸಿದರೆ ಸ್ಥಾನ ಹೋಗುತ್ತದೆ. ಅಷ್ಟರೊಳಗೆ ಸರಿಯಾದ ಕಾರಣ ಬರೆದುಕೊಟ್ಟು ಸಭೆ ಒಪ್ಪಿದರೆ ಉಳಿಯುತ್ತದೆ. ಗುಮಾಸ್ತೆಯಾದ ನಾನು ಮನೆಗೇ ಹೋಗಿ ಅಂಗಲಾಚಿದೆ.

"ಒಂದು ಸಾಲು ಬರ್ಕೊಡಿ."

"ನೀನದನ್ನ ಸಭೆಯ ನಡಾವಳಿಗೆ ಸೇರಿಸಿ ಊರ ಸೂಚನಾ ಫಲಕಕ್ಕೆ ಹಾಕ್ತೀಯ. ನನ್ನ ಎನಿಡ್ ವಿಷ್ಯ ಊರೆಲ್ಲ ನಿಂತು ಓದ್ಬೇಕಾ? ಹೋಗಮ್ಮ!"

ನನಗೆ ಮೈಯುರಿಯಿತು. ನಡಾವಳಿ ಫಲಕಕ್ಕೆ ಬರಲೇಬೇಕೆಂದು ಹಿಂದೆ ಜಗಳವಾಡಿದವರೂ ಇವರೇ.

ಏಳನೆಯ ತಿಂಗಳು 'ಸ್ಥಾನ ಖಾಲಿ' ಪ್ರಕಟಣೆ ಹಾಕಬೇಕಾಯಿತು. ಗಾಜಿನ ಬಾಗಿಲಿನ ಆ ಫಲಕದ ಬೀಗದ ಕೈ ಇಷ್ಟು ವರ್ಷವೂ ಆಲ್ವಿನ್ ಬಳಿಯೇ ಇತ್ತು. ಎನಿಡ್‌ರ ಕೈಹಿಡಿದು ಬಂದು ಬೀಗ ತೆಗೆದರು. ನಾನು ಹಾಕಿದ ಕಾಗದ ನೋಡಿ, "ಸೊಟ್ಟಗಿದೆ" ಎಂದು ತಾವೇ ನೆಟ್ಟಗೆ ಮಾಡಿದರು.

"ಆಲ್ವಿನ್, ಮೀಟಿಂಗಿಗೆ ತಡ ಆಯ್ತಲ್ಲ!" ಎಂದರು ಎನಿಡ್.

"ಹೊರಟೆ ಕಣೇ" ಎನ್ನುತ್ತ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.