ಗೀಜಗನ ಹಸಿರು ಗೂಡುಗಳು

ತೊಂಬತ್ತರ ದಶಕದ ಕೊನೆಯಲ್ಲಿ ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ನಾನು ಚಿತ್ರದುರ್ಗದ ಪೇಟೆಯಲ್ಲಿ ಬೆಳೆದವಳು. ಗುಬ್ಬಿ, ಕಾಗೆ, ಕೋಟೆಯ ಪಾರಿವಾಳ ಬಿಟ್ಟರೆ ಬೇರೆ ಹಕ್ಕಿಗಳನ್ನು ಹತ್ತಿರದಿಂದ ಕಂಡವಳಲ್ಲ. ಆದರೂ ಏಳನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದೆ. ಗೀಜಗ ಗೂಡು ನೇಯುವ ಬಗೆಯನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ ದಿನ, ಪಾಠ ಚೆನ್ನಾಗಿ ಬಂತು ಎಂದು ಒಳಗೊಳಗೇ ಹಿಗ್ಗಿದ್ದೆ.

ಆ ವರ್ಷದ ಆಗಸ್ಟ್ ಹದಿನೈದಕ್ಕೆ ವೇದಿಕೆ ಸಿಂಗರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಣ್ಣದ ಕಾಗದದ ತೋರಣ ಯಾವ ಶಾಲೆಯಲ್ಲಾದರೂ ಇರುತ್ತದೆ. ನಮ್ಮದು ಬೇರೆ ಥರ ಕಾಣಲಿ ಎಂದು ಮಕ್ಕಳಿಗೆ ಗೀಜಗನ ಗೂಡು ತರಲು ಹೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವರ ಹೊಲದ ಬಾವಿಯ ಮೇಲೆ ಬಾಗಿದ ಈಚಲ ಮರಗಳಲ್ಲಿ ಪ್ರತಿ ಮಳೆಗಾಲವೂ ಗೀಜಗಗಳು ಗೂಡು ಕಟ್ಟುತ್ತಿದ್ದವು.

"ಹಳೇವು ಬಾವಿ ತಾವ ಬಿದ್ದಿರ್ತವೆ ಮಿಸ್. ಅವನ್ನ ಆರಿಸ್ಕಂಡ್ ಬರಾಣ?"

"ಒಣಗಿದ್ದು ಬೇಡ. ಹಸಿರಾಗಿರೋದು ತನ್ನಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ," ಎಂದೆ.

ಅವಳಿಗೆ ಇನ್ನೇನೋ ಹೇಳುವುದಿತ್ತು. ಸ್ವಲ್ಪ ಹೊತ್ತು ನಿಂತೇ ಇದ್ದಳು. ನಾನು ಕೂತ್ಕೋ ಎಂದೆ. ಕೂತಳು.

ಹಬ್ಬದ ದಿನ ಬೆಳಿಗ್ಗೆ ಮಕ್ಕಳು ಎರಡು ಗೋಣಿಚೀಲದ ತುಂಬ ಗೂಡು ತಂದಿದ್ದರು. ಉದ್ದನೆಯ ದೋಟಿಗೆ ಕುಡುಗೋಲು ಕಟ್ಟಿ ಕೊಯ್ದು ಬೀಳಿಸಿದ್ದರಂತೆ. ಹಸಿ ಹುಲ್ಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಬೆಂಚಿನ ಮೇಲೆ ಹತ್ತಿ ಒಂದೊಂದನ್ನೇ ದಾರದಿಂದ ಕಟ್ಟುತ್ತಿದ್ದೆ. ಒಂದು ಗೂಡು ಉಳಿದವಕ್ಕಿಂತ ಭಾರವೆನಿಸಿತು. ಒಳಗೆ ಬೆರಳು ಹಾಕಿದೆ. ಮೊದಲು ಸಿಕ್ಕಿದ್ದು ಹಕ್ಕಿ ಒಳಗೋಡೆಗೆ ಮೆತ್ತಿದ್ದ ಒಣಮಣ್ಣಿನ ಸಣ್ಣ ಉಂಡೆ. ಅದರಾಚೆ ಏನೋ ಬಿಸಿಯಾಗಿ, ಮೆತ್ತಗೆ ತಗುಲಿ, ನನ್ನ ಬೆರಳಿಗೇ ಬಾಯಿ ತೆರೆಯಿತು. ಕೈ ಎಳೆದುಕೊಂಡೆ. ಚೀಲದ ತಳವೆಲ್ಲ ಒಡೆದ ಮೊಟ್ಟೆಯ ಲೋಳೆ.

ಆಗಲೇ ಎಲ್ಲವನ್ನೂ ನಿಲ್ಲಿಸಬಹುದಿತ್ತು. ಬಾವಿ ಅರ್ಧ ಮೈಲಿಯೂ ದೂರವಿರಲಿಲ್ಲ. ಕೊಯ್ದ ಗೂಡನ್ನು ಮತ್ತೆ ಮರಕ್ಕೆ ಕಟ್ಟಿದರೆ ತಾಯಿಹಕ್ಕಿ ಬರುತ್ತಿತ್ತೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ. ಅತಿಥಿಗಳು ಬರುವ ಹೊತ್ತಾಗಿತ್ತು. ಕಾರ್ಯಕ್ರಮ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡು ಆ ಗೂಡನ್ನೂ ಕಟ್ಟಿದೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ಮೂಲೆಗೆ ಕಟ್ಟಿದೆ.

ಅತಿಥಿಗಳು ಭಾಷಣದಲ್ಲಿ ವೇದಿಕೆಯನ್ನು ಹೊಗಳಿದರು. ನನ್ನನ್ನು ಗೂಡುಗಳ ಕೆಳಗೆ ನಿಲ್ಲಿಸಿ ಫೋಟೋ ತೆಗೆದರು. ಚೀಂವ್ ಎನ್ನುವ ಸಣ್ಣ ದನಿ ಮೊದಮೊದಲು ನನ್ನ ಕಿವಿಗೆ ಬೀಳುತ್ತಿತ್ತು. ಸಿಹಿ ಹಂಚುವ ಹೊತ್ತಿಗೆ ನಿಂತುಹೋಗಿತ್ತು.

ಜನ ಏಳುವಾಗ ಆ ಹುಡುಗಿಯ ತಾಯಿ ವೇದಿಕೆಯ ಹತ್ತಿರ ಬಂದಳು. ಕೈಗೆಟುಕಿದ ಒಂದು ಗೂಡು ಬಿಚ್ಚಿ ಒಳಗೆ ನೋಡಿದಳು. ಇನ್ನೊಂದನ್ನು ಬಿಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೇ ಕೇಳಿದಳು.

"ಇವನ್ನ ತರಾಕೆ ಯಾರು ಹೇಳಿದ್ದು ಟೀಚ್ರೆ?"

ಹುಡುಗಿ ಅಲ್ಲೇ ಪಕ್ಕದಲ್ಲಿದ್ದಳು.

"ಮಕ್ಕಳೇ ತಂದುಬಿಟ್ಟಿದಾರಮ್ಮ. ನನಗೂ ಗೊತ್ತಾಗಲಿಲ್ಲ," ಎಂದೆ.

ಹುಡುಗಿ ನನ್ನ ಮುಖ ನೋಡಿದಳು. ತಾಯಿ ಅವಳ ರಟ್ಟೆ ಹಿಡಿದು, "ಲೇ, ಮರಿ ಇರಾದು ಗೊತ್ತಿದ್ದೂ ಕೊಯ್ದೇನೇ?" ಎಂದು ಬೆನ್ನಿಗೆ ಎರಡು ಬಿಟ್ಟಳು. ಹುಡುಗಿ ಅಳಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ. ನಾನು ಹೊಡೀಬೇಡಿ ಎಂದೆ, ದೊಡ್ಡ ಮನಸ್ಸಿನವಳ ಹಾಗೆ. ಈಗಲೂ ನನಗೆ ಹೆಚ್ಚು ಹೇಸಿಗೆ ಹುಟ್ಟಿಸುವುದು ಆ ನನ್ನ ದನಿ.

ಮರುದಿನ ಅವಳು ಎಂದಿನಂತೆ ಬಂದು ಮುಂದಿನ ಸಾಲಿನಲ್ಲಿ ಕೂತಳು. ನಾನು ಅವಳ ಕಡೆ ನೋಡದೆ ಪಾಠ ಮಾಡಿದೆ. ಒಂದು ಸಂಜೆ ಒಬ್ಬಳೇ ಬಾವಿಯ ತನಕ ಹೋಗಿದ್ದೆ. ಹಳದಿ ತಲೆಯ ಗಂಡುಹಕ್ಕಿಗಳು ಹುಲ್ಲಿನೆಳೆ ಕಚ್ಚಿಕೊಂಡು ಬಂದು, ಕೊಯ್ದ ಈಚಲ ಗರಿಗಳ ತುದಿಯಲ್ಲಿ ಮತ್ತೆ ಗಂಟು ಹಾಕಲು ನೋಡುತ್ತಿದ್ದವು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಮುಂದಿನ ವರ್ಷ ಹೊಳಲ್ಕೆರೆ ಕಡೆಗೆ ವರ್ಗ ಕೇಳಿ ಪಡೆದೆ. ಕಾರಣ ಕೇಳಿದವರಿಗೆ ಬಸ್ಸಿನ ತೊಂದರೆ ಎಂದೆ.

ಏಳೆಂಟು ವರ್ಷವಾದ ಮೇಲೆ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಯಾರೋ ಮಿಸ್ ಎಂದು ಕರೆದರು. ಅವಳೇ. ಮದುವೆಯಾಗಿತ್ತು, ಕಂಕುಳಲ್ಲಿ ಮಗು. ಕುಶಲ ವಿಚಾರಿಸಿಕೊಂಡೆವು. ಅವತ್ತು ನಾನು ಸುಳ್ಳು ಹೇಳಿದೆ, ನಿನಗೆ ಏಟು ಬಿತ್ತು ಎಂದು ಹೇಗೋ ಬಾಯಿಬಿಟ್ಟೆ. ನೀನು ಅಮ್ಮನಿಗಾದರೂ ನಿಜ ಹೇಳಬೇಕಿತ್ತಲ್ಲ ಎಂದೆ.

"ಅವ್ವಗೆ ಅವತ್ತೇ ಗೊತ್ತಾಗಿತ್ತು ಮಿಸ್. ನಿಮ್ ಮಕ ನೋಡಿದ್ಲಲ್ಲ. ಅಷ್ಟು ಜನದ ಮುಂದೆ ಟೀಚ್ರಿಗೆ ಹೆಂಗೆ ಅನ್ನಾದು ಅಂತ ನಂಗೆ ಹೊಡದ್ಲು. ರಾತ್ರಿ ತಾನೇ ಎಣ್ಣೆ ಹಚ್ಚಿದ್ಲು."

ಅವಳ ಮಾತಿನಲ್ಲಿ ದೂರಿರಲಿಲ್ಲ. ಅವ್ವ ಈಗಲೂ ನಿಮ್ಮನ್ನು ನೆನೆಸುತ್ತಾಳೆ, ಒಂದು ಸಲ ಮನೆಗೆ ಬನ್ನಿ ಎಂದು ಕರೆದಳು. ಬರುತ್ತೇನೆ ಎಂದೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ಮಗುವನ್ನು ನನ್ನ ಕೈಗೆ ಕೊಟ್ಟು ಚೀಲ ಹತ್ತಿಸಿ, ಮತ್ತೆ ಮಗುವನ್ನು ತೆಗೆದುಕೊಂಡು ಹತ್ತಿದಳು. ಆ ಊರಿಗೆ ದಿನಕ್ಕೆ ನಾಲ್ಕು ಬಸ್ಸು ಓಡುತ್ತವೆ. ನಾನು ಇನ್ನೂ ಹೋಗಿಲ್ಲ.